ತಲೆಗಿಷ್ಟು ಅನ್ನುವುದನ್ನು ಬಿಟ್ಟು ಮೀಟರಿಗಿಷ್ಟು ಅಂದಿದ್ದು

ಹೊಸ ಬಡಾವಣೆಯಿಂದ ನಗರದ ಖಜಾನೆಗೆ ಬರುವುದೆಷ್ಟು, ಹೋಗುವುದೆಷ್ಟು ಎಂದು ನೋಡಲು ತಲೆಲೆಕ್ಕವೇ ವಾಡಿಕೆ. ಒಟ್ಟು ಖರ್ಚನ್ನು ಜನಸಂಖ್ಯೆಯಿಂದ ಭಾಗಿಸಿ, ಹೊಸಬರ ಸಂಖ್ಯೆಯಿಂದ ಗುಣಿಸಿದರೆ ಮುಗಿಯಿತು. ನಾನು ರಸ್ತೆ-ಪೈಪುಗಳ ಉದ್ದ ಹಿಡಿದು ಲೆಕ್ಕ ಹಾಕತೊಡಗಿದಾಗ ‘ಇದು ಎಂಜಿನಿಯರುಗಳ ಕೆಲಸ’ ಎಂದು ನಕ್ಕವರೇ ಹೆಚ್ಚು. ಹಳೆಯ ಬಡಾವಣೆಗಳ ನಿಜವಾದ ಖರ್ಚಿನ ಜೊತೆ ಈಗ ತಾಳೆ ನೋಡಿದರೆ ಮೀಟರ್ ಲೆಕ್ಕ ಶೇ 10-12ರ ಆಚೀಚೆ ನಿಂತಿದೆ. ತಲೆಲೆಕ್ಕ ಅರ್ಧಕ್ಕರ್ಧ ತಪ್ಪಿದೆ. ನಕ್ಕವರು ಈಗ ಈ ಲೆಕ್ಕದ ನನ್ನ ಶೀಟನ್ನೇ ಕೇಳಿ ಪಡೆಯುತ್ತಾರೆ.

ತಲೆಲೆಕ್ಕ ಕೈಕೊಡುವುದು ಸಾಮರ್ಥ್ಯದ ವಿಷಯದಲ್ಲಿ. ಕೊಳಚೆ ನೀರಿನ ಘಟಕ ಶೇ 60 ತುಂಬಿದ್ದರೆ ಮುಂದಿನ ಸಾವಿರ ಮನೆಗೆ ಕರೆಂಟು, ರಾಸಾಯನಿಕದ ಖರ್ಚಷ್ಟೇ. ಶೇ 95 ತುಂಬಿದ್ದರೆ ಅದೇ ಸಾವಿರ ಮನೆಗೆ ಹೊಸ ಘಟಕವೇ ಬೇಕು. ಸರಾಸರಿಗೆ ಇದು ಕಾಣುವುದೇ ಇಲ್ಲ.

ಮನೆಯೊಂದರ ವಾರ್ಷಿಕ ತೆರಿಗೆ 100 ಅನ್ನಿ. ಸೈಟಿನ ಅಗಲ 12 ಮೀಟರ್, ಎರಡೂ ಬದಿ ಮನೆ. ತಲಾ 6 ಮೀಟರ್ ರಸ್ತೆ. ಅಡ್ಡರಸ್ತೆ, ಪಾರ್ಕಿನ ಅಂಚು, ಸಂಪರ್ಕ ರಸ್ತೆ ಸೇರಿಸಿದರೆ 9 ಆಗುತ್ತದೆ. ಡಾಂಬರಿನ ಮೇಲ್ಪದರ 7-10 ವರ್ಷ, ತಳಪಾಯ ಸಮೇತ ರಸ್ತೆ 20-25, ಪಂಪು ಸುಮಾರು 15, ಪೈಪು 50ರ ಮೇಲೆ ಬಾಳುತ್ತದೆಂದು ಹಿಡಿದು ಮೀಟರಿಗೆ ವರ್ಷಕ್ಕೆ 8 ಖರ್ಚು ಬಂತೆನ್ನಿ. ಅಲ್ಲಿಗೆ 72 ಹೋಯಿತು. ಕಸ, ಅಗ್ನಿಶಾಮಕ, ಸಿಬ್ಬಂದಿ ಸಂಬಳಕ್ಕೆಲ್ಲ ಉಳಿದದ್ದು 28. ರಸ್ತೆಯ ಎರಡೂ ಬದಿ 20 ಮೀಟರ್ ಮುಂಭಾಗದಲ್ಲಿ ತಲಾ 16 ಮನೆಗಳ ನಾಲ್ಕಂತಸ್ತಿನ ಕಟ್ಟಡವಿದ್ದರೆ ಮನೆಗೆ ಒಂದು ಮೀಟರೂ ಬೀಳದು. ಪೈಪಿನ ವ್ಯಾಸ ಹೆಚ್ಚಿಸಿ ಮೀಟರಿಗೆ 12 ಹಿಡಿದರೂ ಖರ್ಚು 12 ದಾಟುವುದಿಲ್ಲ.

ಅಮೆರಿಕದ ಆಶ್‌ವಿಲ್‌ನಲ್ಲಿ ಎಕರೆಗಿಷ್ಟು ಎಂದು ನೋಡಿದಾಗ ಪೇಟೆಯ ಹಳೆಯ ಕಟ್ಟಡವೊಂದು ಊರಾಚೆಯ ದೊಡ್ಡ ಮಳಿಗೆಗಿಂತ ನೂರು ಪಟ್ಟಿನ ಆಸುಪಾಸು ಆಸ್ತಿ ತೆರಿಗೆ ಕೊಡುತ್ತಿತ್ತು. ಒಟ್ಟು ತೆರಿಗೆ ನೋಡುವವರ ಕಣ್ಣಿಗೆ ಮಳಿಗೆಯೇ ದೊಡ್ಡದು.

ಡೆವಲಪರ್ ರಸ್ತೆ ಪುಕ್ಕಟೆ ಕಟ್ಟಿಕೊಡುವುದರಿಂದ ಮೊದಲ ಹತ್ತು ವರ್ಷ ಎಲ್ಲ ಬಡಾವಣೆಯೂ ಲಾಭದಲ್ಲೇ ಕಾಣುತ್ತದೆ. ಅದರ ಮೇಲೆ ಬಡ್ಡಿ ದರದ ಕಣ್ಕಟ್ಟು: ಮುಂದಿನ ಖರ್ಚನ್ನು ಬಡ್ಡಿ ಕಳೆದು ಇಂದಿನ ಮೌಲ್ಯಕ್ಕೆ ಇಳಿಸುವಾಗ ಶೇ 8ರಲ್ಲಿ 25ನೇ ವರ್ಷದ 100 ಇವತ್ತಿನ 15 ಕೂಡ ಆಗದು. ರಸ್ತೆ ಕಿತ್ತು ಕಟ್ಟುವ ಖರ್ಚು ಹಾಗೆ ಮಾಯ! ಇಂದಿನ ಮೌಲ್ಯದ ಪಕ್ಕದಲ್ಲೇ ವರ್ಷವಾರು ನಗದು ಖರ್ಚಿನ ಪಟ್ಟಿಯನ್ನೂ ಇಡದಿದ್ದರೆ ಸಭೆಯಲ್ಲಿ ಯಾರಿಗೂ ಅದು ಹೊಳೆಯುವುದಿಲ್ಲ.

ಎಲ್ಲ ವರದಿಗಳೂ ಮೂರೇ ವರ್ಷದಲ್ಲಿ ಮನೆಗಳು ತುಂಬುತ್ತವೆ ಎನ್ನುತ್ತವೆ. ನಾನು ಹಳೆಯ ಬಡಾವಣೆಗಳ ವಿದ್ಯುತ್ ಸಂಪರ್ಕದ ತಾರೀಕುಗಳನ್ನು ನಕ್ಷೆ ಮಂಜೂರಾತಿಯ ಪಕ್ಕ ಜೋಡಿಸಿ ನೋಡಿದೆ. ಅರ್ಧ ತುಂಬಲೇ ಎಂಟೊಂಬತ್ತು ವರ್ಷ. ಖಾಲಿ ಸೈಟಿನ ಮುಂದಿನ ದೀಪವೂ ರಾತ್ರಿಯಿಡೀ ಉರಿಯುತ್ತದೆ. ಕಸದ ಗಾಡಿಗಳ ಜಿಪಿಎಸ್ ಹಿಡಿದು ಮನೆಗೆ ತಗಲುವ ನಿಮಿಷವನ್ನೂ ಲೆಕ್ಕ ಹಾಕಿದ್ದೆ. ಚದುರಿದ ಬಡಾವಣೆಯಲ್ಲಿ ದುಪ್ಪಟ್ಟಿಗೂ ಮೇಲೆ ಬಂತು, ಆದರೆ ಚಾಲಕರ ಊಟದ ಬಿಡುವೂ ಅದರಲ್ಲೇ ಸೇರುತ್ತಿದ್ದರಿಂದ ಆ ಅಂಕಿಯನ್ನು ಶೀಟಿಗೆ ತಂದಿಲ್ಲ.

ನಗರಕ್ಕೆ ಮಾರಾಟ ತೆರಿಗೆಯ ಪಾಲು ಸಿಗುವ ಕಡೆ ಮಾಲ್ ಲೆಕ್ಕ ಇನ್ನೂ ಜಾರು. 1978ರಲ್ಲಿ ಜನಮತದಿಂದ ಬಂದ ಪ್ರೊಪೊಸಿಷನ್ 13 ಎಂಬ ಕಾನೂನು ಆಸ್ತಿ ತೆರಿಗೆಯನ್ನು ಆಸ್ತಿ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದ ಮೇಲೆ ಕ್ಯಾಲಿಫೋರ್ನಿಯಾದ ನಗರಗಳು ಮನೆ ಬಿಟ್ಟು ಮಳಿಗೆಗಳ ಬೆನ್ನುಹತ್ತಿದವು. ಹೊಸ ಮಾಲಿನ ವಹಿವಾಟಿನಲ್ಲಿ ದೊಡ್ಡ ಪಾಲು ಅದೇ ನಗರದ ಹಳೆಯ ಅಂಗಡಿಗಳಿಂದ ಕಿತ್ತುಕೊಂಡದ್ದು. ಅದನ್ನು ಕಳೆದೇ ಆದಾಯ ಬರೆಯಬೇಕು. ಎಷ್ಟು ಕಳೆಯಬೇಕೆಂದು ಕಂಡುಹಿಡಿಯುವ ನನ್ನ ದಾರಿಯನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಬಡವರ ಮನೆಗಳು ಈ ಶೀಟಿನಲ್ಲಿ ಸದಾ ನಷ್ಟವನ್ನೇ ತೋರಿಸುತ್ತವೆ. ಹಾಗಾಗಿ ಅವನ್ನು ಲಾಭ-ನಷ್ಟದ ಮೇಲೆ ಅಳೆಯುವುದಿಲ್ಲ, ಬೇಕಾದ ಅನುದಾನ ಎಷ್ಟೆಂದು ಮಾತ್ರ ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ.

ನಷ್ಟ ಬಂದ ಬಡಾವಣೆಯನ್ನೆಲ್ಲ ತಿರಸ್ಕರಿಸಬೇಕಾಗಿಲ್ಲ. ಸೈಟಿನ ಅಗಲ 12ರಿಂದ 9 ಮೀಟರಿಗೆ ಇಳಿಸಿದರೆ ಮನೆ ಮುಂದಿನ ರಸ್ತೆಯ ಪಾಲು ಕಾಲು ಭಾಗದಷ್ಟು ಇಳಿಯುತ್ತದೆ. ಉಳಿದದ್ದಕ್ಕೆ ಹಂತವಾರು ಹಸ್ತಾಂತರ: ಮೊದಲ ಹಂತದ ಮುಕ್ಕಾಲು ಮನೆಗಳಿಗೆ ವಿದ್ಯುತ್ ಸಂಪರ್ಕ ಬರುವವರೆಗೆ ರಸ್ತೆ, ದೀಪ, ಪಂಪುಗಳ ಹೊಣೆ ಡೆವಲಪರ್‌ದೇ. ಈ ಷರತ್ತು ಮಂಜೂರಾತಿ ಪತ್ರದಲ್ಲೇ ಇರಬೇಕು, ಆಮೇಲೆ ಸೇರಿಸಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.