ಹೊಸದಾಗಿ ಇಂಗ್ಲೆಂಡಿಗೆ ಬಂದ ನಮ್ಮ ಕಡೆಯವರಿಗೆ: ಫೋನು, ಬ್ಯಾಂಕು, ದುಡ್ಡು

ಇಲ್ಲಿಗೆ ಬಂದ ಮೊದಲ ಕೆಲವು ತಿಂಗಳಲ್ಲೇ ನಮ್ಮ ಹುಡುಗ ಹುಡುಗಿಯರು ಮೋಸಕ್ಕೆ ಸಿಗುವುದು ಜಾಸ್ತಿ. ಅದಕ್ಕೆ ಕಾರಣವೂ ಇದೆ. ಮನೆ ಹುಡುಕುವುದು, ಬ್ಯಾಂಕ್ ಖಾತೆ, ವೀಸಾ, ಯೂನಿವರ್ಸಿಟಿ ಫೀಸು, ಹೊಸ ಸಿಮ್ಮು ಎಲ್ಲ ಒಟ್ಟಿಗೇ ನಡೆದಿರುತ್ತದೆ, ಅದೂ ಫೋನಿನಲ್ಲೇ ನಡೆದಿರುತ್ತದೆ, ಹಾಗಾಗಿ ಯಾವ ಆಫೀಸಿನ ಹೆಸರಲ್ಲಿ ಮೆಸೇಜ್ ಬಂದರೂ "ನಾನೇನೋ ಅರ್ಜಿ ಹಾಕಿದ್ದೆ, ಅದರದ್ದೇ ಇರಬೇಕು" ಅನ್ನಿಸಿಬಿಡುತ್ತದೆ. ಇನ್ನೊಂದು ವಿಷಯ. ನಿಮ್ಮ ದುಡ್ಡು ಈಗ ಎರಡು ದೇಶದಲ್ಲಿದೆ. ಅರ್ಧ ಇಲ್ಲಿ, ಅರ್ಧ ವಿಜಯಪುರದಲ್ಲೋ ಮುಧೋಳದಲ್ಲೋ ಬೈಲಹೊಂಗಲದಲ್ಲೋ ಅಪ್ಪನ ಖಾತೆಯಲ್ಲಿ. ಕಳ್ಳ ಯಾವ ಕಡೆಯಿಂದ ಬೇಕಾದರೂ ಬರಬಹುದು. ಅದಕ್ಕೇ ನೀವೊಬ್ಬರು ಹುಷಾರಾಗಿದ್ದರೆ ಸಾಲದು, ಊರಲ್ಲಿರುವವರನ್ನೂ ಜೊತೆಗೆ ಕರೆದುಕೊಂಡು ಹುಷಾರಾಗಬೇಕು. ನಾನು ಹೊಸಬರು ಸಿಕ್ಕಾಗಲೆಲ್ಲ ಹೇಳುವುದು ಇದನ್ನೇ. ಮೊದಲೇ ಬಂದ ಅಣ್ಣನೋ ಅಕ್ಕನೋ ಹೇಳುತ್ತಿದ್ದಾರೆ ಅಂದುಕೊಂಡು ಓದಿ.

ಇನ್ನೂ ಊರಲ್ಲೇ ಇದ್ದೀರಾ? ಹಾಗಾದರೆ ಸಿಮ್ಮಿನಿಂದ ಶುರು ಮಾಡಿ. ನಿಮ್ಮ ಭಾರತದ ನಂಬರಿಗೆ ಬ್ಯಾಂಕಿನ ಒಟಿಪಿ ಬರುತ್ತದೆ, ಆಧಾರ್ ಒಟಿಪಿ ಬರುತ್ತದೆ, ಡಿಜಿಲಾಕರ್ ಕೂಡ ಅದರ ಮೇಲೇ ನಿಂತಿದೆ. ಒಂದು ನಂಬರಿನಲ್ಲಿ 90 ದಿನ ಕರೆ, ಮೆಸೇಜು, ಡೇಟಾ ಏನೂ ನಡೆಯದಿದ್ದರೆ ಕಂಪನಿಯವರು ಅದನ್ನು ಬಂದ್ ಮಾಡಬಹುದು, ಆಮೇಲೆ ಅದೇ ನಂಬರು ಬೇರೆ ಯಾರಿಗೋ ಹೋಗುತ್ತದೆ. ನಿಮ್ಮ ಒಟಿಪಿ ಗುರುತಿಲ್ಲದವರ ಫೋನಿನಲ್ಲಿ ಟಿಣ್ ಅನ್ನುತ್ತದೆ. ಅದಕ್ಕೆ ಹೊರಡುವ ಮೊದಲೇ ರೋಮಿಂಗ್ ಚಾಲೂ ಮಾಡಿಸಿ, ತಪ್ಪದೆ ರೀಚಾರ್ಜ್ ಮಾಡಿಸುತ್ತಿರಿ. ಸಿಮ್ಮನ್ನು ಅಪ್ಪನ ಫೋನಿಗೆ ಹಾಕಿಟ್ಟು ಬರುವವರು ಬಹಳ ಮಂದಿ. ಅವರು ಒಟಿಪಿಯನ್ನು ವಾಟ್ಸಾಪಿನಲ್ಲಿ ಓದಿ ಹೇಳುತ್ತಾರೆ, ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳುವುದು ಮನೆಯಲ್ಲಿ ರೂಢಿಯಾಗುತ್ತದೆ, ಮುಂದೊಂದು ದಿನ ಬೇರೆ ಯಾರೋ ಫೋನ್ ಮಾಡಿ ಕೇಳಿದಾಗಲೂ ಅದೇ ರೂಢಿ ಕೆಲಸ ಮಾಡುತ್ತದೆ. ದಯವಿಟ್ಟು ಸಿಮ್ಮು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತಿಗೆ ಬೀಗ ಹಾಕುವ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಅದನ್ನು ನಿಮ್ಮದಕ್ಕೂ ಮಾಡಿ, ಅಪ್ಪ ಅವ್ವನದಕ್ಕೂ ಮಾಡಿ. ನಿಮ್ಮ ಓದಿಗೆ ಅಂತ ಹೊಲ ಮಾರಿದ್ದರೆ ಅಥವಾ ಅಡ ಇಟ್ಟಿದ್ದರೆ ಇದನ್ನು ಇವತ್ತೇ ಮಾಡಿ. ನೋಂದಣಿ ಪತ್ರದ ಮೇಲಿನ ಬೆರಳಚ್ಚು ಕದ್ದು, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ಕರ್ನಾಟಕದಲ್ಲೇ ಬಂದವು. ಅದಕ್ಕೆ ಒಟಿಪಿಯೂ ಬೇಕಾಗಿರಲಿಲ್ಲ. ಹಾಗೆಯೇ ಇಲ್ಲಿಗೆ ಬಂದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿ ಇರುವವರ ಖಾತೆ) ಮಾಡಿಸಬೇಕು, ಅದು ವಿದೇಶಿ ಹಣದ ವ್ಯವಹಾರಕ್ಕೆ ಇರುವ ಫೆಮಾ ಕಾನೂನು. ಬ್ಯಾಂಕಿನ ವೆಬ್‌ಸೈಟ್ ತೆರೆಯುವಾಗ ವಿಳಾಸ ನೋಡಿ. ಭಾರತದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ ಕೊನೆಯೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಮುಗಿಯುವ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು.

ಇನ್ನು ಮನೆ. ವಿಮಾನ ಹತ್ತುವ ಮೊದಲೇ ರೂಮ್ ಗಟ್ಟಿ ಮಾಡಿಕೊಳ್ಳಬೇಕು ಅನ್ನುವ ಆತುರ ಎಲ್ಲರಿಗೂ ಇರುತ್ತದೆ, ಅಪ್ಪ ಅವ್ವನಿಗಂತೂ ಇನ್ನೂ ಜಾಸ್ತಿ. ಚೆಂದದ ಫೋಟೋ, ಕಡಿಮೆ ಬಾಡಿಗೆ, "ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ, ಇವತ್ತೇ ಡೆಪಾಸಿಟ್ ಹಾಕಿ" ಅಂತ ಮೆಸೇಜು. ಹಾಕಬೇಡಿ. ಮೊದಲ ಒಂದೆರಡು ವಾರ ಯೂನಿವರ್ಸಿಟಿ ಹಾಸ್ಟೆಲ್ಲೋ, ಪರಿಚಯದವರ ಮನೆಯೋ ನೋಡಿಕೊಳ್ಳಿ. ಬಂದು ಕಣ್ಣಾರೆ ನೋಡಿದ ಮೇಲೆ ದುಡ್ಡು ಕೊಡಿ. ಬರುವುದು ತಡವಾದರೆ ಇಲ್ಲಿರುವ ನಮ್ಮಂಥವರನ್ನು ಕೇಳಿ, ಯಾರಾದರೂ ಹೋಗಿ ನೋಡಿ ಬರುತ್ತಾರೆ, ಅದಕ್ಕೆ ಸಂಕೋಚ ಬೇಡ. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಮನೆ ಹಿಡಿದಿಡಲು ಕೊಡುವ ಮುಂಗಡ ಒಂದು ವಾರದ ಬಾಡಿಗೆ ದಾಟುವಂತಿಲ್ಲ. ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಡೆಪಾಸಿಟ್ಟನ್ನು ಮನೆ ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು. ಮನೆ ಯಾರ ಹೆಸರಲ್ಲಿದೆ ಅಂತ ಲ್ಯಾಂಡ್ ರಿಜಿಸ್ಟ್ರಿಯಲ್ಲಿ 7 ಪೌಂಡ್ ಕೊಟ್ಟು ನೋಡಬಹುದು, ನಮ್ಮಲ್ಲಿ ಪಹಣಿ ತೆಗೆಸಿ ನೋಡುತ್ತೇವಲ್ಲ, ಹಾಗೆ. ಆದರೆ ಸರ್ಕಾರದ ಸೈಟಿನಲ್ಲೇ ನೋಡಿ, ಅದರ ಹಾಗೇ ಕಾಣುವ ಬೇರೆ ಸೈಟುಗಳು ಜಾಸ್ತಿ ದುಡ್ಡು ಕೇಳುತ್ತವೆ.

ಇಲ್ಲಿ ಒಬ್ಬರಿಗೆ ಹಣ ಕಳಿಸುವಾಗ ಬ್ಯಾಂಕ್ ಆ್ಯಪ್ ಖಾತೆಯ ಹೆಸರು ಹೊಂದುತ್ತದೋ ಇಲ್ಲವೋ ಅಂತ ಹೇಳುತ್ತದೆ. ಹೊಂದುವುದಿಲ್ಲ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. "ಅದು ನನ್ನ ಪಾರ್ಟ್ನರ್ ಖಾತೆ, ಪರವಾಗಿಲ್ಲ" ಅಂದರೂ ನಿಲ್ಲಿಸಿ. 2024ರ ಅಕ್ಟೋಬರ್ 7ರಿಂದ ಇಲ್ಲಿ ಒಂದು ಒಳ್ಳೆಯ ನಿಯಮ ಬಂದಿದೆ. ಮೋಸಗಾರನ ಮಾತು ನಂಬಿ ನೀವೇ ಹಣ ಕಳಿಸಿದ್ದರೂ ಬ್ಯಾಂಕು 85,000 ಪೌಂಡ್‌ವರೆಗೆ ವಾಪಸ್ ಕೊಡಬೇಕು. 100 ಪೌಂಡ್‌ವರೆಗೆ ಹಿಡಿದುಕೊಳ್ಳಬಹುದು, ಎಚ್ಚರಿಕೆ ಕೊಟ್ಟರೂ ಪೂರ್ತಿ ಬೇಜವಾಬ್ದಾರಿ ತೋರಿಸಿದ್ದರೆ ಕೊಡದೇ ಇರಬಹುದು, ಕೊನೆಯ ಪಾವತಿಯಿಂದ 13 ತಿಂಗಳೊಳಗೆ ದೂರು ಕೊಡಬೇಕು. ಆದರೆ ಇದು ಇಲ್ಲಿನ ಖಾತೆಯಿಂದ ಇಲ್ಲಿನ ಖಾತೆಗೆ ಹೋದ ಹಣಕ್ಕೆ ಮಾತ್ರ. ಬಾಗಲಕೋಟೆಯ ಖಾತೆಯಿಂದ ಅಪ್ಪ ನೇರವಾಗಿ ಕಳಿಸಿದ ಡೆಪಾಸಿಟ್ಟಿಗೆ ಈ ರಕ್ಷಣೆ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಒಂದು ಮೆಸೇಜ್ ಇರುತ್ತದೆ: "ಪೌಂಡ್ ಬೇಕಾ? ರೂಪಾಯಿ ಊರಲ್ಲಿ ಕೊಡಿ, ಬ್ಯಾಂಕಿಗಿಂತ ಒಳ್ಳೆ ರೇಟು." ನೀವು ಊರಲ್ಲಿ ಅಪ್ಪನಿಂದ ಒಂದು ಖಾತೆಗೆ ರೂಪಾಯಿ ಹಾಕಿಸುತ್ತೀರಿ, ಇಲ್ಲಿ ನಿಮ್ಮ ಖಾತೆಗೆ ಪೌಂಡ್ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ, ಅದು ಒಂದು ನಷ್ಟ. ಬಂದರೆ ಇನ್ನೂ ದೊಡ್ಡ ಕಷ್ಟ ಆಗಬಹುದು. ಆ ಪೌಂಡು ಬೇರೆ ಯಾರದೋ ಖಾತೆಯಿಂದ ಕದ್ದದ್ದು ಆಗಿರಬಹುದು, ಆಗ ಪೊಲೀಸರ ಕಣ್ಣಿಗೆ ಕಾಣುವುದು ನಿಮ್ಮ ಹೆಸರು. ಊರಲ್ಲಿ ಅಪ್ಪ ರೂಪಾಯಿ ಹಾಕಿದ ಖಾತೆಯ ಮೇಲೂ ಸೈಬರ್ ಕೇಸ್ ಇದ್ದರೆ ಅವರ ಖಾತೆಯೂ ಫ್ರೀಜ್ ಆಗಬಹುದು. ಇದು ಹವಾಲಾ, ಬೇರೆ ಹೆಸರಿಲ್ಲ ಇದಕ್ಕೆ. ಒಂದೆರಡು ರೂಪಾಯಿ ರೇಟಿನ ಆಸೆಗೆ ಇದನ್ನು ಮಾಡಬೇಡಿ. ಬ್ಯಾಂಕಿನಿಂದಲೋ ಪರವಾನಗಿ ಇರುವ ಕಂಪನಿಯಿಂದಲೋ ತರಿಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ.

ಇದರ ತಮ್ಮನಂಥ ಇನ್ನೊಂದು ಮೋಸ ಇದೆ. "ನಿಮ್ಮ ಖಾತೆಗೆ ಸ್ವಲ್ಪ ಹಣ ಬರುತ್ತದೆ, ಅದನ್ನು ಇನ್ನೊಬ್ಬರಿಗೆ ಕಳಿಸಿ, ನೂರಿನ್ನೂರು ಪೌಂಡ್ ನೀವು ಇಟ್ಟುಕೊಳ್ಳಿ." ಕೆಲವರು ಓದು ಮುಗಿಸಿ ವಾಪಸ್ ಹೋಗುವವರ ಖಾತೆಯನ್ನೇ ಕೊಂಡುಕೊಳ್ಳಲು ಬರುತ್ತಾರೆ. ಕಾನೂನಿನ ಪ್ರಕಾರ ಇದು ಮನಿ ಲಾಂಡರಿಂಗ್, ಅಂದರೆ ಕಳ್ಳ ಹಣ ಬಿಳಿ ಮಾಡುವುದು, 14 ವರ್ಷದವರೆಗೆ ಜೈಲಾಗಬಹುದು. ಜೈಲಿಗೆ ಹೋಗದಿದ್ದರೂ ಬ್ಯಾಂಕುಗಳಿಗೆ ಮೋಸಗಾರರ ಹೆಸರು ತಿಳಿಸುವ ಸಿಫಾಸ್ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ಆರು ವರ್ಷ ಹೆಸರು ಉಳಿಯಬಹುದು. ಆಗ ಬ್ಯಾಂಕ್ ಖಾತೆ, ಫೋನ್ ಕಾಂಟ್ರಾಕ್ಟ್, ಸಾಲ ಎಲ್ಲ ಕಷ್ಟ. ಸಂಬಳ ಹಾಕಿಸಿಕೊಳ್ಳಲು ಖಾತೆ ಇಲ್ಲದೆ ಇಲ್ಲಿ ಬದುಕುವುದು ಹೇಗೆ? ಮನೆಯವರು ಸಾಲ ಮಾಡಿ ಕಳಿಸಿರುತ್ತಾರೆ, ಕೆಲಸ ಸಿಕ್ಕಿರುವುದಿಲ್ಲ, ಬಾಡಿಗೆ ಕಟ್ಟುವ ದಿನ ಹತ್ತಿರ ಇರುತ್ತದೆ, ಅಂಥ ಹೊತ್ತಿಗೇ ಈ ಮೆಸೇಜ್ ಬರುತ್ತದೆ ಅಂತ ನನಗೆ ಗೊತ್ತು. ಅಂಥ ಹೊತ್ತಲ್ಲಿ ಯೂನಿವರ್ಸಿಟಿಯಲ್ಲಿ ಕಷ್ಟದ ನಿಧಿ ಇದೆಯಾ ಕೇಳಿ, ನಮ್ಮನ್ನು ಕೇಳಿ. ಯಾರೂ ನಿಮ್ಮನ್ನು ಹೀಯಾಳಿಸುವುದಿಲ್ಲ.

"ನಾನೂ ಜಮಖಂಡಿಯವನೇ ರೀ" ಅಂದಕೂಡಲೇ ನಮಗೆ ಮನಸ್ಸು ಕರಗುತ್ತದೆ. ದೂರದೇಶದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಎಷ್ಟು ಹಿತ, ಅಲ್ವಾ? ಮಾತಾಡಿ, ಊಟಕ್ಕೆ ಕರೆಯಿರಿ, ದುಡ್ಡಿನ ವಿಷಯದಲ್ಲಿ ಮಾತ್ರ ಊರಿನ ಹೆಸರನ್ನು ಜಾಮೀನು ಅಂತ ಹಿಡಿಯಬೇಡಿ. 2025ರಲ್ಲಿ ಬೆಳಗಾವಿಯಲ್ಲೇ ಪೊಲೀಸರು ಒಂದು ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿದರು. ಅಲ್ಲಿ ಕೂತವರು ಅಮೆರಿಕದವರಿಗೆ ಫೋನ್ ಮಾಡಿ ಮೋಸ ಮಾಡುತ್ತಿದ್ದರು.

ಸರ್ಕಾರದ ಹೆಸರಲ್ಲಿ ಬರುವ ಕರೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇಲ್ಲಿ ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್ ಫೋನ್ ಮಾಡಿ "ವೀಸಾ ರದ್ದಾಗುತ್ತದೆ, ಈಗಲೇ ಹಣ ಕಟ್ಟಿ" ಅನ್ನುವುದಿಲ್ಲ. ಕೆಲಸ, ತೆರಿಗೆಗೆ ಇಲ್ಲಿ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಸಸ್ಪೆಂಡ್ ಆಗುವ ವಸ್ತುವೇ ಅಲ್ಲ. ಫೋನಿನಲ್ಲಿ ಭಾರತದ ಹೈಕಮಿಷನ್ ನಂಬರ್ ಕಂಡರೂ ನಂಬಬೇಡಿ, ನಂಬರನ್ನು ಹಾಗೆ ತೋರಿಸಲು ಬರುತ್ತದೆ. ಈಗ ವೀಸಾ ಎಲ್ಲ ಇ-ವೀಸಾ ಆಗಿದೆ. ನಿಮ್ಮ ಯುಕೆವಿಐ (ಇಲ್ಲಿನ ವೀಸಾ ಇಲಾಖೆ) ಖಾತೆಯ ಪಾಸ್‌ವರ್ಡ್ ಯಾರಿಗೂ ಬೇಕಾಗುವುದಿಲ್ಲ. ಕೆಲಸ ಕೊಡುವವರಿಗೂ ಮನೆ ಮಾಲೀಕರಿಗೂ ಆ ಖಾತೆಯಿಂದ ತೆಗೆದ, ನಿಮ್ಮ ವೀಸಾ ಹಕ್ಕು ತೋರಿಸುವ ಷೇರ್ ಕೋಡ್ ಕೊಟ್ಟರೆ ಸಾಕು, ಅದು 90 ದಿನ ನಡೆಯುತ್ತದೆ. ಕೆಲಸದ್ದು ಡಬ್ಲ್ಯೂ ಅಕ್ಷರದಿಂದ, ಬಾಡಿಗೆಯದ್ದು ಆರ್ ಅಕ್ಷರದಿಂದ ಶುರುವಾಗುತ್ತದೆ. ಬ್ಯಾಂಕಿನವರು ಅಂತ ಯಾರಾದರೂ ಕರೆ ಮಾಡಿದರೆ ಫೋನ್ ಇಟ್ಟು 159ಕ್ಕೆ ನೀವೇ ಮಾಡಿ, ಇಲ್ಲಿನ ದೊಡ್ಡ ಬ್ಯಾಂಕುಗಳಿಗೆಲ್ಲ ಆ ನಂಬರು ನೇರ ಜೋಡಿಸುತ್ತದೆ. ಅನುಮಾನದ ಎಸ್‌ಎಂಎಸ್ ಬಂದರೆ 7726ಕ್ಕೆ ಫಾರ್ವರ್ಡ್ ಮಾಡಿ, ದುಡ್ಡೇನೂ ಖರ್ಚಾಗುವುದಿಲ್ಲ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಸುಮ್ನೆ ಫೋನ್ ಮಾಡಬೇಡಿ. ಕಾರ್ಡಿನ ಹಿಂದೆ ಇರುವ ನಂಬರೇ ಸರಿ.

ಶಾಪಿಂಗ್‌ನಲ್ಲಿ ಕಾರ್ಡ್ ಯಾವುದು ಅನ್ನುವುದು ಮುಖ್ಯ. ಇಲ್ಲಿನ ಕ್ರೆಡಿಟ್ ಕಾರ್ಡಿನಲ್ಲಿ 100 ಪೌಂಡಿಗಿಂತ ಮೇಲೆ, 30,000 ಪೌಂಡಿನವರೆಗಿನ ವಸ್ತು ಕೊಂಡರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಂಗಡಿಯವರಷ್ಟೇ ಕಾರ್ಡ್ ಕಂಪನಿಯೂ ಜವಾಬ್ದಾರಿ. ಅಂಗಡಿ ಮುಚ್ಚಿಕೊಂಡು ಹೋದರೂ ಹಣ ಕೇಳಬಹುದು. ಡೆಬಿಟ್ ಕಾರ್ಡಾದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಅಂತ ಇದೆ, ಅದು ಕಾನೂನಿನ ಹಕ್ಕಲ್ಲ, ಆದರೂ ಕೇಳಿ ನೋಡಿ. ಬ್ಯಾಂಕ್ ಟ್ರಾನ್ಸ್‌ಫರ್ ಮಾತ್ರ ಮಾಡಿ ಅನ್ನುವ ಅಂಗಡಿಯ ಕಡೆ ಹೋಗಲೇಬೇಡಿ. ಆನ್‌ಲೈನ್‌ನಲ್ಲಿ ತರಿಸಿದ ಹೆಚ್ಚಿನ ವಸ್ತುಗಳನ್ನು ಕೈಗೆ ಬಂದ 14 ದಿನದೊಳಗೆ ಬೇಡ ಅನ್ನಬಹುದು.

ಅವ್ವನಿಗೆ ಯುಗಾದಿಗೆ ಇಳಕಲ್ ಸೀರೆ ಕಳಿಸುವ ಆಸೆ ಇರುತ್ತದೆ. ಇನ್‌ಸ್ಟಾಗ್ರಾಂ ಪೇಜಿನಲ್ಲಿ ಟೋಪ್ ತೆನಿ ಸೆರಗಿನ ಫೋಟೋ ನೋಡಿ ದುಡ್ಡು ಹಾಕಬೇಡಿ, ಆ ಫೋಟೋ ಯಾರದಾದರೂ ಆಗಿರಬಹುದು. ಇಳಕಲ್ಲಿನಲ್ಲೋ ಹುನಗುಂದದಲ್ಲೋ ಸಂಬಂಧಿಕರು ಇದ್ದೇ ಇರುತ್ತಾರೆ. ಅವರನ್ನೇ ಅಂಗಡಿಗೆ ಕಳಿಸಿ, ವಿಡಿಯೋ ಕಾಲ್‌ನಲ್ಲಿ ಸೀರೆ ಆರಿಸಿ, ಅಲ್ಲೇ ದುಡ್ಡು ಕೊಡಿಸಿ. ಅದೇ ರೀತಿ ಊರಿಂದ ನಿಮಗೆ ಅಮೀನಗಡದ ಕರದಂಟು, ಶೇಂಗಾ ಚಟ್ನಿ ಬರುತ್ತಿದೆ ಅಂತ ಗೊತ್ತಿದ್ದಾಗಲೇ "ಪಾರ್ಸೆಲ್ ನಿಂತಿದೆ, ಎರಡು ಪೌಂಡ್ ಕಟ್ಟಿ" ಅಂತ ಮೆಸೇಜ್ ಬಂದರೆ ನಂಬಿಬಿಡುತ್ತೇವೆ. ಅವರಿಗೆ ಬೇಕಿರುವುದು ಎರಡು ಪೌಂಡಲ್ಲ, ಕಾರ್ಡಿನ ನಂಬರು. ರಾಯಲ್ ಮೇಲ್‌ಗೆ ನಿಜವಾಗಿ ಹಣ ಕಟ್ಟಬೇಕಿದ್ದರೆ ಮನೆಗೆ ಒಂದು ಚೀಟಿ ಹಾಕಿ ಹೋಗುತ್ತಾರೆ. ಅಂದಹಾಗೆ ಕುಂದಾ ತರಿಸಬೇಡಿ, ಹಾಲಿನ ಪದಾರ್ಥ ಭಾರತದಿಂದ ಇಲ್ಲಿಗೆ ತರುವಂತಿಲ್ಲ.

ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಪಾಸ್, ವೀಸಾ, ಹೊಸ ಬ್ಯಾಂಕ್ ಕಾರ್ಡ್ ಹಿಡಿದು ತೆಗೆದ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಖುಷಿ ಅರ್ಥವಾಗುತ್ತದೆ. ಆದರೆ ಯಾರ ಮಗ ಯಾವ ಯೂನಿವರ್ಸಿಟಿಗೆ ಹೋದ, ಯಾವತ್ತು ಹೋದ ಅಂತ ಗೊತ್ತಾದರೆ ಸಾಕು, ಕಳ್ಳ ನಿಮಗೆ ಫೋನ್ ಮಾಡುವುದಿಲ್ಲ, ಊರಿಗೆ ಮಾಡುತ್ತಾನೆ. "ನಿಮ್ಮ ಮಗ ಇಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಬಿಡಿಸಬೇಕಾದರೆ ಈಗಲೇ ಹಣ ಹಾಕಿ." ನೀವು ರಾತ್ರಿ ಪಾಳಿ ಮುಗಿಸಿ ಮಲಗಿರುತ್ತೀರಿ, ಫೋನ್ ಎತ್ತುವುದಿಲ್ಲ, ಅಪ್ಪ ಹೆದರಿ ಹಾಕಿಬಿಡುತ್ತಾರೆ. ಈಗ ಮಗನ ದನಿಯನ್ನೇ ಯಂತ್ರದಿಂದ ಮಾಡಿ ಕೇಳಿಸುತ್ತಾರೆ. ಅದಕ್ಕೆ ಮನೆಯವರ ಜೊತೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ಹೊಲದ ಹೆಸರೋ ಸತ್ತುಹೋದ ಎತ್ತಿನ ಹೆಸರೋ, ಬೇರೆಯವರಿಗೆ ಗೊತ್ತಿರದ್ದು. ಕಷ್ಟದಲ್ಲಿದ್ದೇನೆ ಅಂತ ನಿಮ್ಮ ದನಿ ಕೇಳಿದರೂ ಆ ಮಾತು ಕೇಳದೆ ಒಂದು ರೂಪಾಯಿಯೂ ಹಾಕಬಾರದು. ನಿಮ್ಮ ಜೊತೆ ಇರುವ ಇಬ್ಬರು ಸ್ನೇಹಿತರ ನಂಬರನ್ನೂ ಅಪ್ಪನಿಗೆ ಕೊಟ್ಟಿಡಿ.

ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ ಹಣ ಕೀಳುವ ಡಿಜಿಟಲ್ ಅರೆಸ್ಟ್ ಬಗ್ಗೆ ಅಪ್ಪ ಅವ್ವನಿಗೆ ಕೂತು ಹೇಳಿ, ಒಂದು ಸಲ ಹೇಳಿ ಬಿಡಬೇಡಿ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕಾಲ್‌ನಲ್ಲಿ ಬಂಧಿಸುವುದಿಲ್ಲ. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ ಇಂಥವರ ಕಾಟ ತಾಳದೆ ಹಿರಿಯ ದಂಪತಿ ಜೀವ ಕಳೆದುಕೊಂಡರು. ಅದನ್ನು ಓದಿದ ದಿನ ನಾನು ಊರಿನಲ್ಲಿರುವ ವಯಸ್ಸಾದವರಿಗೆಲ್ಲ ಫೋನ್ ಮಾಡಿದೆ. ದುಡ್ಡು ಹೋದರೂ ನಾವು ಬೈಯುವುದಿಲ್ಲ, ಮೊದಲು ನಮಗೆ ಹೇಳಿ ಅಂತ ಅವರಿಗೆ ಬಾಯಿ ಬಿಟ್ಟು ಹೇಳಬೇಕು. ಬೈತಾರೆ ಅನ್ನುವ ಹೆದರಿಕೆಗೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ವಾಟ್ಸಾಪಿಗೆ ಬರುವ ಮದುವೆ ಕರೆಯೋಲೆ, ಪಿಎಂ ಕಿಸಾನ್ ಪಟ್ಟಿ, ಗಾಡಿ ದಂಡದ ಚಲನ್ ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಕಳ್ಳ ಆ್ಯಪ್ ಇಳಿಸುವಂಥದ್ದು) ಒತ್ತಬಾರದು, ಹಣ ಬರಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ, ಇವೆರಡನ್ನು ಅವರ ಫೋನಿನ ಮೇಲೆ ಚೀಟಿ ಅಂಟಿಸಿದರೂ ತಪ್ಪಿಲ್ಲ.

ಹಣ ಹೋಗಿಯೇ ಬಿಟ್ಟಿತು ಅಂದುಕೊಳ್ಳಿ. ಇಲ್ಲಿನ ಖಾತೆಯಾದರೆ ಆ ಕ್ಷಣವೇ 159. ಊರಿನ ಖಾತೆಯಾದರೆ ಊರಲ್ಲಿರುವವರು ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಬೇಗ ಹೇಳಿದರೆ ನಡುವೆ ಎಲ್ಲೋ ತಡೆದು ನಿಲ್ಲಿಸಲು ಆಗುತ್ತದೆ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಲಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಇದೆ. ಮೆಸೇಜು, ಕರೆಯ ನಂಬರು, ಹಣ ಕಳಿಸಿದ ರಸೀದಿ, ಯಾವುದನ್ನೂ ಅಳಿಸಬಾರದು. ಕೆಲವು ದಿನದ ಮೇಲೆ "ನಿಮ್ಮ ಹೋದ ಹಣ ವಾಪಸ್ ತರಿಸಿಕೊಡುತ್ತೇವೆ, ಸ್ವಲ್ಪ ಫೀಸು ಕಟ್ಟಿ" ಅಂತ ಇನ್ನೊಬ್ಬರು ಫೋನ್ ಮಾಡುತ್ತಾರೆ. ಅವರೂ ಕಳ್ಳರೇ. ಆ ಫೋನನ್ನು ಹಾಗೇ ಕಟ್ ಮಾಡಿ.