ಹೊಸ ವೈರಸ್ ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ

ಬಿ.ಎಸ್ಸಿ. ಓದುವಾಗ ವೈವಾದಲ್ಲಿ ಪರೀಕ್ಷಕರು ನನಗೊಂದು ಪ್ರಶ್ನೆ ಕೇಳಿದ್ದರು. "ಪೋಲಿಯೋ ವೈರಸ್‌ನಿಂದ ಬರೀ ಆರ್‌ಎನ್‌ಎ ಬೇರ್ಪಡಿಸಿ ಜೀವಕೋಶದೊಳಗೆ ಹಾಕಿದರೆ ಹೊಸ ವೈರಸ್ ಹುಟ್ಟುತ್ತದಾ? ರೇಬೀಸ್‌ನದನ್ನು ಹಾಕಿದರೆ?" ಎರಡರ ಕುಟುಂಬ, ಆಕಾರ, ಗಾತ್ರ ಎಲ್ಲವೂ ನನಗೆ ಬಾಯಿಪಾಠ. ಉತ್ತರ ಮಾತ್ರ ಹೊಳೆಯಲಿಲ್ಲ. ಪೋಲಿಯೋದಲ್ಲಿ ಹುಟ್ಟುತ್ತದೆ, ರೇಬೀಸ್‌ನಲ್ಲಿ ಹುಟ್ಟುವುದಿಲ್ಲ. ಯಾಕೆ ಅನ್ನುವುದು ಅರ್ಥವಾದ ಮೇಲೆ, ಅದುವರೆಗೆ ಬಿಡಿಬಿಡಿಯಾಗಿದ್ದ ಹೆಸರುಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಈಗ ನಾನು ಪಾಠ ಶುರು ಮಾಡುವುದೇ ಅಲ್ಲಿಂದ. ಒಂದು ಪೆನ್ನು, ಎರಡು ಹಾಳೆ ತೆಗೆದುಕೊಂಡು ಕೂತುಕೊಳ್ಳಿ.

ಮೊದಲ ಹಾಳೆಯಲ್ಲಿ ಆರ್‌ಎನ್‌ಎಯ ಈ ಒಂಬತ್ತು ಅಕ್ಷರ ಬರೆಯಿರಿ: ಎ-ಯು-ಜಿ, ಜಿ-ಸಿ-ಯು, ಯು-ಯು-ಸಿ. ಇದು ಪ್ಲಸ್ ಎಳೆ, ಅಂದರೆ ಪ್ರೋಟೀನ್ ಕಟ್ಟುವ ಸೂಚನೆ ಹೊತ್ತ ಎಂಆರ್‌ಎನ್‌ಎ ಥರದ್ದೇ ಎಳೆ. ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಎ-ಯು-ಜಿ ಹುಡುಕಿ ಅಲ್ಲಿಂದ ಓದಲು ತೊಡಗುತ್ತದೆ, ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲದಂತೆ. ಮೊದಲು ಮೆಥಿಯೊನಿನ್, ಆಮೇಲೆ ಅಲನಿನ್, ಆಮೇಲೆ ಫಿನೈಲ್‌ಅಲನಿನ್. ಈಗ ಅದರ ಕೆಳಗೆ ಜೋಡಿ ಅಕ್ಷರ ಬರೆಯಿರಿ, ಎ ಇದ್ದಲ್ಲಿ ಯು, ಜಿ ಇದ್ದಲ್ಲಿ ಸಿ. ಯು-ಎ-ಸಿ, ಸಿ-ಜಿ-ಎ, ಎ-ಎ-ಜಿ ಬಂತಲ್ಲ, ಅದೇ ಮೈನಸ್ ಎಳೆ. ಜೋಡಿ ಎಳೆಗಳ ದಿಕ್ಕು ಒಂದಕ್ಕೊಂದು ವಿರುದ್ಧ, ಹಾಗಾಗಿ ಇದನ್ನು ಬಲದಿಂದ ಎಡಕ್ಕೆ ಓದಬೇಕು: ಜಿ-ಎ-ಎ, ಎ-ಜಿ-ಸಿ, ಸಿ-ಎ-ಯು. ಎ-ಯು-ಜಿ ಎಲ್ಲಿದೆ ನೋಡಿ. ಎಲ್ಲೂ ಇಲ್ಲ. ಈ ಎಳೆ ರೈಬೋಸೋಮ್ ಕೈಗೆ ಸಿಕ್ಕರೂ ವೈರಸ್‌ಗೆ ಬೇಕಾದ ಪ್ರೋಟೀನ್ ಹುಟ್ಟುವುದಿಲ್ಲ.

ಪೋಲಿಯೋದ ಸುಮಾರು 7,500 ಅಕ್ಷರಗಳ ಆರ್‌ಎನ್‌ಎ ಪ್ಲಸ್ ಎಳೆ. ಕೋಶದೊಳಕ್ಕೆ ಹೋದ ಕೂಡಲೇ ರೈಬೋಸೋಮ್ ಅದನ್ನು ಓದುತ್ತದೆ, ನಕಲು ಬರೆಯಲು ಬೇಕಾದ ಕಿಣ್ವ, ಪಾಲಿಮರೇಸ್, ಅಲ್ಲೇ ತಯಾರಾಗುತ್ತದೆ. ರೇಬೀಸ್‌ನದು ಮೈನಸ್ ಎಳೆ. ಅದನ್ನು ಪ್ಲಸ್ ಮಾಡಲು ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಬೇಕು, ಅಂಥ ಕೆಲಸ ಮಾಡಿಕೊಡುವ ಕಿಣ್ವ ನಮ್ಮ ಕೋಶದಲ್ಲಿಲ್ಲ. ಆದ್ದರಿಂದ ರೇಬೀಸ್ ಆ ಕಿಣ್ವವನ್ನು ತನ್ನ ಕಣದೊಳಗೆ ಕಟ್ಟಿಕೊಂಡೇ ಬರುತ್ತದೆ. ಪರೀಕ್ಷಕರು ಹೇಳಿದಂತೆ ಬರೀ ಆರ್‌ಎನ್‌ಎ ಹಾಕಿದರೆ ಆ ಕಿಣ್ವ ಹೊರಗೇ ಉಳಿಯಿತು, ಕೆಲಸ ನಿಂತಿತು.

ಯಾವ ವೈರಸ್‌ಗೂ ಸ್ವಂತ ರೈಬೋಸೋಮ್ ಇಲ್ಲ. ಹಾಗಾಗಿ ಎಲ್ಲ ವೈರಸ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಕೋಶದ ರೈಬೋಸೋಮ್ ಓದುವಂಥ ಎಂಆರ್‌ಎನ್‌ಎಯನ್ನು ಇದು ಹೇಗೆ ಮಾಡಿಕೊಳ್ಳುತ್ತದೆ? 1971ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ವೈರಸ್‌ಗಳನ್ನು ಗುಂಪು ಮಾಡಿದ್ದು ಈ ಪ್ರಶ್ನೆ ಇಟ್ಟುಕೊಂಡೇ. ಆಗ ಆರು ಗುಂಪು, ಏಳನೆಯದು ಆಮೇಲೆ ಸೇರಿತು. ಹರ್ಪಿಸ್, ಅಡಿನೊ, ಸಿಡುಬಿನ ವೈರಸ್‌ಗಳದು ಜೋಡಿ ಎಳೆ ಡಿಎನ್‌ಎ. ಪಾರ್ವೋದ್ದು ಒಂಟಿ ಎಳೆ ಡಿಎನ್‌ಎ. ರೋಟಾ ಜೋಡಿ ಎಳೆ ಆರ್‌ಎನ್‌ಎ. ಪೋಲಿಯೋ, ಡೆಂಗಿ, ಕೊರೊನಾ ಪ್ಲಸ್. ರೇಬೀಸ್, ದಡಾರ, ಇನ್‌ಫ್ಲುಯೆಂಜಾ, ಎಬೋಲಾ ಮೈನಸ್. ಎಚ್‌ಐವಿಯದು ಪ್ಲಸ್ ಎಳೆಯೇ ಆದರೂ ಅದನ್ನು ನೇರವಾಗಿ ರೈಬೋಸೋಮ್‌ಗೆ ಕೊಡುವುದಿಲ್ಲ. ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ ಡಿಎನ್‌ಎ ಮಾಡಿ ಕೋಶದ ಕ್ರೋಮೊಸೋಮ್‌ಗೇ ಹೊಲಿದುಬಿಡುತ್ತದೆ. ಹೆಪಟೈಟಿಸ್ ಬಿ ಏಳನೆಯದು. ಡಿಎನ್‌ಎ ಇಟ್ಟುಕೊಂಡಿದ್ದರೂ ನಕಲಾಗುವಾಗ ನಡುವೆ ಆರ್‌ಎನ್‌ಎ ಆಗಿ ಮತ್ತೆ ಡಿಎನ್‌ಎ ಆಗುತ್ತದೆ. ಇವನ್ನು ಉರು ಹೊಡೆಯಬೇಡಿ. ಪ್ರತಿಯೊಂದಕ್ಕೂ ಹಾಳೆಯಲ್ಲಿ ಜೀನೋಮ್‌ನಿಂದ, ಅಂದರೆ ವೈರಸ್ ಹೊತ್ತು ತರುವ ಡಿಎನ್‌ಎ ಅಥವಾ ಆರ್‌ಎನ್‌ಎಯಿಂದ, ಎಂಆರ್‌ಎನ್‌ಎವರೆಗೆ ಬಾಣ ಎಳೆಯಿರಿ, ಬಾಣದ ಮೇಲೆ ಯಾವ ಕಿಣ್ವ, ಅದು ಕೋಶದ್ದೋ ವೈರಸ್‌ನದೋ ಅಂತ ಬರೆಯಿರಿ. ನನ್ನ ವಿದ್ಯಾರ್ಥಿಗಳಿಗೆ ಏಳೂ ಬಾಣ ಎಳೆಯದೆ ಮುಂದಕ್ಕೆ ಹೋಗಲು ನಾನು ಬಿಡುವುದಿಲ್ಲ.

ಎರಡನೇ ಹಾಳೆ ವೈರಸ್‌ನ ರಚನೆಗೆ, ಅಂದರೆ ಜೀನೋಮನ್ನು ಒಳಗಿಟ್ಟುಕೊಳ್ಳುವ ಪ್ರೋಟೀನ್ ಕವಚಕ್ಕೆ. ಸಮಬಾಹು ತ್ರಿಕೋನಗಳನ್ನು ಕತ್ತರಿಸಿ ಅಂಟಿಸುತ್ತಾ ಹೋಗಿ: ಮೇಲೆ ಐದು, ನಡುವಿನ ಪಟ್ಟಿಯಲ್ಲಿ ಹತ್ತು, ಕೆಳಗೆ ಐದು. ಇಪ್ಪತ್ತು ಮುಖ, ಹನ್ನೆರಡು ಮೂಲೆ, ಪ್ರತಿ ಮೂಲೆಯಲ್ಲೂ ಐದು ತ್ರಿಕೋನ ಕೂಡುತ್ತವೆ. ಇದನ್ನು ಐಕೊಸಾಹೆಡ್ರನ್ ಅನ್ನುತ್ತಾರೆ. ಈಗ ಪ್ರತಿ ತ್ರಿಕೋನದ ಒಳಗೆ, ಮೂರೂ ಮೂಲೆಗಳ ಹತ್ತಿರ ಒಂದೊಂದು ಚುಕ್ಕೆ ಇಡಿ. ಒಟ್ಟು ಅರವತ್ತು ಚುಕ್ಕೆ, ಒಂದೊಂದು ಚುಕ್ಕೆಯೂ ಒಂದು ಪ್ರೋಟೀನ್ ಘಟಕ. ಚಿಕ್ಕ ಜೀನೋಮ್‌ನಲ್ಲಿ ದೊಡ್ಡ ಪೆಟ್ಟಿಗೆಯ ವಿವರ ಬರೆಯಲು ಜಾಗವಿಲ್ಲ, ಆದ್ದರಿಂದ ಒಂದೇ ಇಟ್ಟಿಗೆಯ ವಿವರ ಬರೆದು ಅದನ್ನೇ ಮತ್ತೆಮತ್ತೆ ಜೋಡಿಸಿರಬೇಕು ಎಂದು ಡಿಎನ್‌ಎ ರಚನೆ ಬಿಡಿಸಿದ ಕ್ರಿಕ್ ಮತ್ತು ವಾಟ್ಸನ್ 1956ರಲ್ಲೇ ವಾದಿಸಿದ್ದರು. ಇಟ್ಟಿಗೆಗಳನ್ನು ಸುರುಳಿಯಾಗಿಯೂ ಜೋಡಿಸಬಹುದು. ತಂಬಾಕಿನ ಮೊಸಾಯಿಕ್ ವೈರಸ್ ಹಾಗೇ, 300 ನ್ಯಾನೊಮೀಟರ್ ಉದ್ದದ ಕೋಲು, ಒಂದೇ ಪ್ರೋಟೀನ್‌ನ ಸುಮಾರು 2,130 ಪ್ರತಿ.

ಕಾಗದದ ಮಾದರಿಯನ್ನು ಬಿಸಾಡಬೇಡಿ. ಅದರ ಮೂಲೆಗೆ ಸೂಜಿಯಿಂದ ತೂತು ಮಾಡಿ, ರೋಟಾ ವೈರಸ್ ನೆನಪಿಸಿಕೊಳ್ಳಿ. ಜೋಡಿ ಎಳೆ ಆರ್‌ಎನ್‌ಎ ಕೋಶದಲ್ಲಿ ಬಯಲಿಗೆ ಬಿದ್ದರೆ ಕೋಶ ಎಚ್ಚೆತ್ತುಕೊಳ್ಳುತ್ತದೆ. ರೋಟಾ ಹೊರಪದರ ಮಾತ್ರ ಕಳಚುತ್ತದೆ, ಒಳಗಿನ ಚಿಪ್ಪನ್ನು ಬಿಚ್ಚುವುದೇ ಇಲ್ಲ. ಅದರೊಳಗೇ ತನ್ನ ಪಾಲಿಮರೇಸ್‌ನಿಂದ ಎಂಆರ್‌ಎನ್‌ಎ ಬರೆದು, ಮೂಲೆಗಳ ತೂತಿನಿಂದ ಹೊರಕ್ಕೆ ನೂಕುತ್ತದೆ. ನನಗೆ ಇದನ್ನು ಎಷ್ಟು ಸಲ ಹೇಳಿದರೂ ಬೇಸರವಾಗಿಲ್ಲ.

ಕೆಲವು ವೈರಸ್‌ಗಳು ಹೊರಬರುವಾಗ ಕೋಶದ ಪೊರೆಯನ್ನೇ ಹೊದ್ದುಕೊಂಡು ಬರುತ್ತವೆ. ಅದು ಕೊಬ್ಬಿನ ಪೊರೆ, ಸೋಪಿಗೆ ಕರಗುತ್ತದೆ, ಮತ್ತು ಗ್ರಾಹಕಕ್ಕೆ (ಕೋಶದ ಮೇಲೆ ವೈರಸ್ ಹಿಡಿದುಕೊಳ್ಳುವ ಅಣುವಿಗೆ) ಅಂಟುವ ಮುಳ್ಳುಗಳು ಇರುವುದು ಅದರ ಮೇಲೇ. ಹೊದಿಕೆಯಿಲ್ಲದ ಪೋಲಿಯೋ, ನೋರೋ, ಪಾರ್ವೋ ಸಾಮಾನ್ಯವಾಗಿ ಹೆಚ್ಚು ಗಟ್ಟಿ.

ಸಂತಾನವೃದ್ಧಿಯ ಹಂತಗಳನ್ನು ಎಲ್ಲ ಪುಸ್ತಕವೂ ಕೊಡುತ್ತದೆ: ಅಂಟುವುದು, ಒಳನುಗ್ಗುವುದು, ಕವಚ ಕಳಚುವುದು, ನಕಲು, ಜೋಡಣೆ, ಬಿಡುಗಡೆ. ಇದರಲ್ಲಿ ಎಡವುವ ಜಾಗ ಒಂದೇ. ವೈರಸ್ ಬ್ಯಾಕ್ಟೀರಿಯಾದ ಹಾಗೆ ಒಂದು ಎರಡಾಗಿ ಒಡೆಯುವುದಿಲ್ಲ. ಒಳಹೊಕ್ಕ ಸ್ವಲ್ಪ ಹೊತ್ತಿಗೆ ಕೋಶವನ್ನು ಒಡೆದು ನೋಡಿದರೆ ಸೋಂಕು ತಗಲಿಸುವ ವೈರಸ್ ಬಹುತೇಕ ಸಿಗುವುದೇ ಇಲ್ಲ. ಬಂದದ್ದು ಬಿಡಿಭಾಗವಾಗಿದೆ, ಹೊಸದು ಇನ್ನೂ ಜೋಡಣೆಯಾಗಿಲ್ಲ. ಈ ಕಾಲಕ್ಕೆ ಎಕ್ಲಿಪ್ಸ್ ಅನ್ನುತ್ತಾರೆ. ಔಷಧಿಗಳು ಎಲ್ಲಿ ತಡೆಯುತ್ತವೆ ಅನ್ನುವುದನ್ನೂ ಈ ಹಂತಗಳ ಪಕ್ಕದಲ್ಲೇ ಬರೆದುಕೊಳ್ಳಿ. ಅಸೈಕ್ಲೊವಿರ್ ಹರ್ಪಿಸ್‌ನ ನಕಲನ್ನು ನಿಲ್ಲಿಸುತ್ತದೆ, ಒಸೆಲ್ಟಾಮಿವಿರ್ ಇನ್‌ಫ್ಲುಯೆಂಜಾದ ಬಿಡುಗಡೆಯನ್ನು.

ಈಗ ನೀವೇ ಒಂದು ವೈರಸ್ ಬಿಡಿಸಿ. ನಾಯಿಮರಿಗಳನ್ನು ಕಾಡುವ ಪಾರ್ವೋ. ಒಂಟಿ ಎಳೆ ಡಿಎನ್‌ಎ, ಸುಮಾರು 5,000 ಅಕ್ಷರ. ಕವಚದಲ್ಲಿ ಸರಿಯಾಗಿ ಅರವತ್ತು ಘಟಕ, ನಿಮ್ಮ ಕಾಗದದ ಮಾದರಿಯೇ. ಇಷ್ಟು ಚಿಕ್ಕ ಜೀನೋಮ್‌ನಲ್ಲಿ ಸ್ವಂತ ಡಿಎನ್‌ಎ ಪಾಲಿಮರೇಸ್‌ಗೆ ಜಾಗವಿಲ್ಲ. ಕೋಶದ್ದನ್ನೇ ಬಳಸಬೇಕು, ಅದು ಕೈಗೆ ಸಿಗುವುದು ಕೋಶ ವಿಭಜನೆಗೆಂದು ತನ್ನ ಡಿಎನ್‌ಎ ನಕಲು ಮಾಡುವಾಗ. ಹಾಗಾದರೆ ದೇಹದಲ್ಲಿ ಎಡೆಬಿಡದೆ ವಿಭಜನೆಯಾಗುವ ಕೋಶ ಎಲ್ಲಿವೆ? ಕರುಳಿನ ಒಳಪದರದಲ್ಲಿ, ಮೂಳೆಮಜ್ಜೆಯಲ್ಲಿ. ಅದಕ್ಕೇ ರಕ್ತಭೇದಿ, ಅದಕ್ಕೇ ಬಿಳಿ ರಕ್ತಕಣ ಕುಸಿಯುವುದು. ಈ ವೈರಸ್ ಅಂಟುವ ಗ್ರಾಹಕವೂ ಕಬ್ಬಿಣ ಒಳಕ್ಕೆ ತರುವ ಟ್ರಾನ್ಸ್‌ಫೆರಿನ್ ಗ್ರಾಹಕ, ಬೆಳೆಯುವ ಕೋಶಗಳ ಮೇಲೆ ಅದು ಹೇರಳ. ಇನ್ನು ಆಗತಾನೇ ಹುಟ್ಟಿದ ಮರಿಗಳಲ್ಲಿ ಇದೇ ವೈರಸ್ ಹೃದಯಕ್ಕೇ ಬಡಿಯಬಹುದು, ಏಕೆಂದರೆ ಆ ವಯಸ್ಸಿನಲ್ಲಿ ಹೃದಯದ ಸ್ನಾಯುಕೋಶಗಳು ಇನ್ನೂ ವಿಭಜನೆಯಾಗುತ್ತಿರುತ್ತವೆ.