ತಳವಿಲ್ಲದ ಕಡಲು ಗಾಜಿನ ಟ್ಯಾಂಕಿನಲ್ಲಿ: ತೇಲುವ ಕಡಲಕಳೆಯ ಅಕ್ವೇರಿಯಂ ಮಾಡುವುದು ಹೇಗೆ

ತೇಲುವ ಕಡಲಕಳೆಯ ಅಕ್ವೇರಿಯಂ ಮಾಡಲು ಹೊರಟವರು ಮೊದಲು ಏನು ಕೊಳ್ಳುತ್ತಾರೆ ಗೊತ್ತಾ? ಒಂದು ಮೂಟೆ ಮರಳು. ಆಮೇಲೆ ಕಲ್ಲು. ತಳವನ್ನೆಲ್ಲ ಚೆಂದ ಮಾಡಿ ಮುಗಿದ ಮೇಲೆ ಒಂದು ಹಿಡಿ ಕಳೆ ತಂದು ಮೇಲೆ ಬಿಡುತ್ತಾರೆ. ಹತ್ತು ದಿನಕ್ಕೆ ಅದು ಕೊಳೆತು, ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಇಂಥ ಟ್ಯಾಂಕುಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಟ್ಯಾಂಕಿಗೆ ಮಾದರಿ ಉತ್ತರ ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರ. ಅದಕ್ಕೆ ದಡವೇ ಇಲ್ಲ, ಸುತ್ತ ಹರಿಯುವ ಪ್ರವಾಹಗಳೇ ಎಲ್ಲೆ. ಅಲ್ಲಿ ತೇಲುವ ಕಳೆಯಲ್ಲಿ ಮುಖ್ಯವಾಗಿ ಎರಡು ಜಾತಿ: ಸರ್ಗಾಸಮ್ ನಟಾನ್ಸ್, ಸರ್ಗಾಸಮ್ ಫ್ಲೂಯಿಟಾನ್ಸ್. ಇವು ಎಲ್ಲೂ ಬೇರೂರುವುದಿಲ್ಲ. ತುಂಡಾದರೆ ತುಂಡೇ ಹೊಸ ಗಿಡ. ಕಾಳುಮೆಣಸಿನಂಥ ಗಾಳಿಗುಳ್ಳೆಗಳು ಅವನ್ನು ಎತ್ತಿ ಹಿಡಿದಿರುತ್ತವೆ. ಕೆಳಗೆ ಸಾವಿರಾರು ಮೀಟರ್ ಖಾಲಿ ನೀರು, ಸಂಸಾರವೆಲ್ಲ ಮೇಲೆ. ಹಾಗಾಗಿ ನಿಮ್ಮ ದುಡ್ಡು, ಗಮನ ಎರಡೂ ನೀರಿನ ಮೇಲ್ಭಾಗಕ್ಕೆ ಹೋಗಬೇಕು. ಮರಳು ಬೇಡ.

ಹಂತ 1: ಟ್ಯಾಂಕ್

ಎತ್ತರ ಕಡಿಮೆ, ಅಗಲ ಜಾಸ್ತಿ ಇರಲಿ. 90 ಸೆಂ.ಮೀ. ಉದ್ದ, 45 ಅಗಲ, 40 ಎತ್ತರ ನನ್ನ ಅಳತೆ. ಅಂಚಿನವರೆಗೆ ತುಂಬಿಸಬೇಡಿ, 5 ಸೆಂ.ಮೀ. ಖಾಲಿ ಬಿಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹಿಂದಿನ ಗಾಜಿಗೆ ಹೊರಗಿನಿಂದ ಕಡುನೀಲಿ ಕಾಗದ ಅಂಟಿಸಿ. ಹವಳದ ಚಿತ್ರವಿರುವ ಪೋಸ್ಟರ್ ದಯವಿಟ್ಟು ಬೇಡ.

ಹಂತ 2: ಉಪ್ಪುನೀರು

ಆರ್‌ಒ-ಡಿಐ ನೀರು, ಅಂದರೆ ಫಿಲ್ಟರಿನಲ್ಲಿ ಲವಣಗಳನ್ನೆಲ್ಲ ತೆಗೆದ ನೀರು. ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಅಕ್ವೇರಿಯಂಗೆಂದೇ ಮಾಡಿದ ಉಪ್ಪು. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಪಂಪ್, ಹೀಟರ್ ಹಾಕಿ ಒಂದು ರಾತ್ರಿ ಕಲಕಲು ಬಿಡಿ. ಉಷ್ಣತೆ 25 ಡಿಗ್ರಿ, ಸಾಂದ್ರತೆ 1.025 ಬಂದರೆ ಸರಿ. ಸಾಂದ್ರತೆ ಅಳೆಯಲು ಮುಳ್ಳು ಓಲಾಡುವ ಅಗ್ಗದ ಪ್ಲಾಸ್ಟಿಕ್ ಹೈಡ್ರೋಮೀಟರ್ ಮಾತ್ರ ನಂಬಬೇಡಿ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ.

ಆವಿಯಾಗುವುದು ಬರೀ ನೀರು, ಉಪ್ಪಲ್ಲ. ಕಡಿಮೆಯಾದಷ್ಟು ದಿನಾ ಸಿಹಿನೀರನ್ನೇ ತುಂಬಿ.

ಹಂತ 3: ಬ್ಯಾಕ್ಟೀರಿಯಾಕ್ಕೆ ಮನೆ

ಟ್ಯಾಂಕಿನಲ್ಲಿ ಕಲ್ಲಿಲ್ಲ, ಮರಳಿಲ್ಲ. ಹಾಗಾದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂರುವುದೆಲ್ಲಿ? ಕೆಳಗಿನ ಸಂಪ್‌ನಲ್ಲಿ. ಮನೆಯ ನೆಲದಡಿಯ ಸಂಪ್ ಅಲ್ಲ, ಟ್ಯಾಂಕಿನ ಕೆಳಗಿಡುವ ಎರಡನೇ ಸಣ್ಣ ಟ್ಯಾಂಕ್; ಮೇಲಿನ ನೀರು ಅದಕ್ಕೆ ಇಳಿಯುತ್ತದೆ, ಪಂಪ್ ಅದನ್ನು ಮತ್ತೆ ಮೇಲೆತ್ತುತ್ತದೆ. ಅಲ್ಲಿ ರಂಧ್ರಗಳಿರುವ ಕಲ್ಲೋ ಸೆರಾಮಿಕ್ ತುಂಡುಗಳೋ ಧಾರಾಳವಾಗಿ ತುಂಬಿ. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವ ಚಕ್ರ ಕೂರಲು ನಾಲ್ಕರಿಂದ ಆರು ವಾರ ಬೇಕು. ‘ಇವತ್ತೇ ಮೀನು ಬಿಡಿ’ ಅನ್ನುವ ಬಾಟಲಿಗಳನ್ನು ನಂಬಿ ನಾನೂ ಒಮ್ಮೆ ಸೀಗಡಿಗಳನ್ನು ಕಳೆದುಕೊಂಡಿದ್ದೇನೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಸುಮ್ನೆ ಕಾಯಿರಿ.

ಹಂತ 4: ನೀರಿನ ಮೇಲ್ಮೈ

ಎಲ್ಲರೂ ಎಡವುವುದು ಇಲ್ಲೇ.

ಸಂಪ್‌ಗೆ ನೀರು ಇಳಿಯುವ ಓವರ್‌ಫ್ಲೋ ಬಾಯಿ ಇರುವುದು ನೀರಿನ ಮೇಲ್ಮಟ್ಟದಲ್ಲಿ. ನಿಮ್ಮ ಕಳೆ ಇರುವುದೂ ಅಲ್ಲೇ. ಒಂದೊಂದೇ ಎಸಳು ಹೋಗಿ ಅದರ ಹಲ್ಲುಗಳಿಗೆ ಅಂಟುತ್ತದೆ. ರಾತ್ರಿ ಯಾವಾಗಲೋ ಬಾಯಿ ಪೂರ್ತಿ ಕಟ್ಟುತ್ತದೆ. ಕೆಳಗಿನ ಪಂಪಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಅದು ತನ್ನ ಪಾಡಿಗೆ ನೀರು ಮೇಲೆತ್ತುತ್ತಲೇ ಇರುತ್ತದೆ. ನನ್ನ ಮೊದಲ ಟ್ಯಾಂಕಿನಲ್ಲಿ ಬೆಳಿಗ್ಗೆ ಎದ್ದು ಕಾಲಿಟ್ಟಾಗ ನೆಲವೆಲ್ಲ ಉಪ್ಪುನೀರು. ಸ್ವಿಚ್‌ಬೋರ್ಡ್ ನೆಲದಿಂದ ಮೇಲಿತ್ತು, ಬಚಾವಾದೆ.

ಇದಕ್ಕೆ ಎರಡು ಕಾವಲು ಬೇಕು. ಮೊದಲನೆಯದು ಜಾಲರಿ. 5 ಮಿ.ಮೀ. ಕಣ್ಣಿನ ಪ್ಲಾಸ್ಟಿಕ್ ಜಾಲರಿಯನ್ನು ಓವರ್‌ಫ್ಲೋಗೆ ಅಂಟಿಸಿದಂತೆ ಇಡಬೇಡಿ, ಹಾಗಿಟ್ಟರೆ ಅದೂ ಕಟ್ಟುತ್ತದೆ. ಒಂದು ಗೇಣು ಮುಂದೆ, ಟ್ಯಾಂಕಿನ ಅಗಲಕ್ಕೂ ಬೇಲಿಯಂತೆ ನಿಲ್ಲಿಸಿ. ನೀರಿನಿಂದ ಮೂರು ಬೆರಳು ಮೇಲಿರಲಿ, ಕೆಳಗೆ 15 ಸೆಂ.ಮೀ. ಮುಳುಗಿರಲಿ. ಬೇಲಿ ಅಗಲವಾದಷ್ಟೂ ಸೆಳೆತ ಹಂಚಿಹೋಗಿ, ಕಳೆ ಅಂಟದೆ ಜಾರುತ್ತದೆ. ತಾಮ್ರದ ಜಾಲರಿ ಮಾತ್ರ ಬೇಡವೇ ಬೇಡ. ತಾಮ್ರ ಸೀಗಡಿಗಳಿಗೆ ವಿಷ.

ಎರಡನೆಯದು ಲೆಕ್ಕ. ಮೇಲೆ ಬಿಟ್ಟ 5 ಸೆಂ.ಮೀ. ಖಾಲಿ ಜಾಗದಲ್ಲಿ ಸುಮಾರು 20 ಲೀಟರ್ ಹಿಡಿಯುತ್ತದೆ. ಸಂಪ್‌ನಲ್ಲಿ ಪಂಪ್ ಇರುವ ಕೋಣೆಯಲ್ಲಿ 12 ಲೀಟರಿಗಿಂತ ಜಾಸ್ತಿ ನೀರು ನಿಲ್ಲದಂತೆ ಅಡ್ಡಗಾಜು ಕೂರಿಸಿ. ಆಗ ಬಾಯಿ ಪೂರ್ತಿ ಕಟ್ಟಿದರೂ ಮೇಲೆ ಏರುವುದು ಮೂರು ಸೆಂ.ಮೀ. ಮಾತ್ರ. ಅಷ್ಟರಲ್ಲಿ ಪಂಪಿನ ಕೋಣೆ ಖಾಲಿಯಾಗುತ್ತದೆ. ಪಂಪ್ ಸುಟ್ಟರೂ ನೆಲ ಉಳಿಯುತ್ತದೆ. ತಾನೇ ನೀರು ತುಂಬುವ ಯಂತ್ರ ಇಟ್ಟಿದ್ದರೆ ಅದರ ಡಬ್ಬವನ್ನೂ ಈ ಲೆಕ್ಕಕ್ಕೆ ಸೇರಿಸಿ, ಖಾಲಿಯಾದ ಕೋಣೆಗೆ ಅದು ನೀರು ಬಿಡುತ್ತದೆ.

ಇನ್ನು ನೀರಿನ ಓಟ. ಕಳೆ ಒಂದೇ ಕಡೆ ನಿಂತರೆ ಮೇಲಿನ ಎಸಳು ಬಿಸಿಲು ಕಾಯುತ್ತದೆ, ಕೆಳಗಿನದು ಕತ್ತಲೆಯಲ್ಲಿ ಕೊಳೆಯುತ್ತದೆ. ಒಂದು ಸಣ್ಣ ಪಂಪನ್ನು ಮೂಲೆಯಲ್ಲಿಟ್ಟು, ಅಗಲ ಬಾಯಿಯನ್ನು ಮುಂದಿನ ಗಾಜಿನ ಉದ್ದಕ್ಕೆ ತಿರುಗಿಸಿ. ಕಳೆ ಗಾಣದ ಎತ್ತಿನಂತೆ ನಿಧಾನವಾಗಿ ಸುತ್ತಬೇಕು, ಸುತ್ತುತ್ತಾ ಮಗುಚಬೇಕು. ಮಡಿಚಿಕೊಂಡು ಕೆಳಗೆ ಎಳೆದುಕೊಂಡು ಹೋಗುತ್ತಿದ್ದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಪಂಪಿನ ಹಿಂಬದಿಗೆ ಸ್ಪಂಜು ಕಟ್ಟಿ. ಮೀನುಗಾಳದ ದಾರದಿಂದ ಕಳೆಯನ್ನು ಒಂದೆಡೆ ಕಟ್ಟಿಹಾಕುವ ಸುಲಭೋಪಾಯ ಹೇಳುವವರಿದ್ದಾರೆ. ಕಟ್ಟಿದ ಜಾಗವೇ ಮೊದಲು ಕೊಳೆಯುತ್ತದೆ.

ಹಂತ 5: ಬೆಳಕು, ಕಳೆ

ಒಳ್ಳೆಯ ಎಲ್‌ಇಡಿ, ನೀರಿನಿಂದ 30 ಸೆಂ.ಮೀ. ಮೇಲೆ, ದಿನಕ್ಕೆ ಹತ್ತು ಗಂಟೆ.

ದಡಕ್ಕೆ ಬಿದ್ದ ಕಳೆ ತರಬೇಡಿ. 2011ರಿಂದ ಕೆರಿಬಿಯನ್ ತೀರಗಳಿಗೆ ಸರ್ಗಾಸಮ್ ರಾಶಿ ರಾಶಿ ಬಂದು ಬೀಳುತ್ತಿದೆ, ಕೊಳೆತು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದೇ ಕೆಲಸವನ್ನು ಅದು ನಿಮ್ಮ ಟ್ಯಾಂಕಿನಲ್ಲೂ ಮಾಡುತ್ತದೆ. ನೀರಿನಿಂದಲೇ ಎತ್ತಿದ್ದು ಬೇಕು, ಅದಕ್ಕೂ ಮೊದಲು ಆ ಜಾಗದ ನಿಯಮ ಕೇಳಿಕೊಳ್ಳಿ. ಕೈಗವಸು ಹಾಕಿಕೊಂಡು ಉಪ್ಪುನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಅಲ್ಲಾಡಿಸಿ. ಎಸಳಿಗೆ ಅಂಟಿದ ಹೈಡ್ರಾಯ್ಡ್‌ಗಳು (ಅಂಬಲಿಮೀನಿನ ಬಳಗದ ಸಣ್ಣ ಜೀವಿಗಳು) ಚುಚ್ಚುತ್ತವೆ. ಬಕೆಟ್ಟಿನ ತಳಕ್ಕೆ ಒಂದು ಬಿಳಿ ತಟ್ಟೆ ಇಟ್ಟು ನೋಡಿ. ಉಗುರಿನಷ್ಟು ಏಡಿ, ಕಳೆಯದೇ ಬಣ್ಣದ ಸೀಗಡಿ, ಅಕ್ಕಿಕಾಳಿನಷ್ಟು ಬಸವನಹುಳು ಉದುರಿರುತ್ತವೆ.

ಮೇಲ್ಮೈಯ ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ಆರೋಗ್ಯವಾಗಿದ್ದರೆ ಹೊನ್ನಿನ ಕಂದು ಬಣ್ಣ, ತುದಿ ಎಳೆ ಹಳದಿ. ಕಪ್ಪಗಾಗಿ ಲೋಳೆ ಬಂದ ತುಂಡನ್ನು, ಮುಳುಗಿದ್ದನ್ನು ಅದೇ ದಿನ ತೆಗೆಯಿರಿ. ಕಡಲಲ್ಲಿ ಜತೆಗಿರುವ ಮೀನುಗಳ ಗಲೀಜೇ ಈ ಕಳೆಗೆ ಗೊಬ್ಬರ. ಹಾಗಾಗಿ ಟ್ಯಾಂಕಿನ ನೈಟ್ರೇಟ್ ಅನ್ನು ತೊಳೆದು ತೊಳೆದು ಸೊನ್ನೆಗೆ ಇಳಿಸಬೇಡಿ. ನಾನು 5 ಪಿಪಿಎಂ (ಹತ್ತು ಲಕ್ಷಕ್ಕೆ ಐದು ಭಾಗ) ಆಸುಪಾಸಿನಲ್ಲಿ ಇಡುತ್ತೇನೆ. ಇಷ್ಟೆಲ್ಲ ಮಾಡಿದರೂ ಕಳೆ ಕೆಲವು ತಿಂಗಳಲ್ಲಿ ಸೊರಗಬಹುದು. ಅದಕ್ಕೇ ನನ್ನ ಟ್ಯಾಂಕಿನಲ್ಲಿ ಅರ್ಧ ಸಿಲಿಕೋನ್‌ನ ಕೃತಕ ಕಳೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಹಂತ 6: ಯಾರನ್ನು ಬಿಡಬೇಕು

ಎರಡರಲ್ಲಿ ಒಂದು ಆರಿಸಿ. ಸೀಗಡಿ, ಬಸವನಹುಳುಗಳ ಟ್ಯಾಂಕೋ, ಇಲ್ಲಾ ಸರ್ಗಾಸಮ್ ಮೀನಿನ ಟ್ಯಾಂಕೋ. ಎರಡೂ ಒಟ್ಟಿಗೆ ಅಂದರೆ ಸೀಗಡಿಗಳು ಮೀನಿಗೆ ಊಟ. ಹಿಸ್ಟ್ರಿಯೊ ಹಿಸ್ಟ್ರಿಯೊ ಅನ್ನುವ ಈ ಮೀನು ಈಜುವುದಕ್ಕಿಂತ ರೆಕ್ಕೆಯಿಂದ ಕಳೆ ಹಿಡಿದು ನಡೆಯುವುದೇ ಹೆಚ್ಚು. ತನ್ನಷ್ಟೇ ದೊಡ್ಡ ಮೀನನ್ನೂ ನುಂಗುತ್ತದೆ, ತನ್ನ ಜಾತಿಯದ್ದನ್ನೂ ಬಿಡುವುದಿಲ್ಲ. ಒಂದೇ ಒಂದು ಸಾಕಿ. ಬಲೆಯಲ್ಲಿ ಎತ್ತಬೇಡಿ, ನೀರು ಸಮೇತ ಡಬ್ಬದಲ್ಲಿ ಸಾಗಿಸಿ. ಮುಚ್ಚಳ ಕಡ್ಡಾಯ, ಅದು ನೀರಿನಿಂದ ಹೊರಗೆ ಹಾರುತ್ತದೆ.

ಊಟ ಎರಡು ಮೂರು ದಿನಕ್ಕೊಮ್ಮೆ. ಮೊದಲು ಜೀವಂತ ಸೀಗಡಿ. ಆಮೇಲೆ ಫ್ರೀಜರಿನಿಂದ ತೆಗೆದು ಮಂಜು ಕರಗಿಸಿದ ಸೀಗಡಿಯನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಮೂತಿಯ ಮುಂದೆ ಮೆಲ್ಲಗೆ ಅಲ್ಲಾಡಿಸಿ.

ಬಿಟ್ಟ ಮೊದಲ ವಾರ ಮೀನು ಎಲ್ಲೂ ಕಾಣದಿದ್ದರೆ ಕೈ ಹಾಕಿ ಕಳೆ ಕೆದಕಬೇಡಿ. ತಿನ್ನಲು ಬಿಟ್ಟ ಸೀಗಡಿಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಮೀನು ಅಲ್ಲೇ ಇದೆ.